ಹಸಿರು ಪೆಟ್ಟಿಗೆಯ ಹಿಂದಿನದು

ನಮ್ಮ ಊರಿನ ಜನ ಬಹಳ ಸತ್ಯವಂತರು ಎಂದು ಹೊರಗಿನವರು ಹೊಗಳುತ್ತಾರೆ. ಹೊರಗಿನವರಿಗೇನು ಗೊತ್ತು? ಸುಳ್ಳು ಹೇಳುವ ಆಸೆ ನಮ್ಮವರಿಗೆ ಬೇರೆಯವರಿಗಿಂತ ಒಂದು ಹಿಡಿ ಹೆಚ್ಚೇ ಇದೆ. ಇಲ್ಲದಿರುವುದು ಧೈರ್ಯ. ಕೂತ ಕುರ್ಚಿ ಬಿಚ್ಚಿಕೊಂಡು ನಾಲ್ಕು ಜನರ ಎದುರು ಅಂಗಾತ ಬಿದ್ದರೆ ಮಾನ ಹೋಗುತ್ತದೆ ಎಂಬ ಹೆದರಿಕೆ ಇದೆಯಲ್ಲ, ಅದಕ್ಕೇ ಅವರು ಸತ್ಯ ಎಂದು ಹೆಸರಿಟ್ಟುಕೊಂಡಿದ್ದಾರೆ.

ಇಲ್ಲಿ ಎಲ್ಲವೂ ಇನ್ನೊಂದರಿಂದ ಆದದ್ದೇ. ಎಣ್ಣೆ ಡಬ್ಬಿ ಜರಡಿಯಾಗುತ್ತದೆ, ಲಾರಿ ಟಯರು ಬಾವಿಯ ಬಕೇಟಾಗುತ್ತದೆ, ಅಜ್ಜಿಯ ಸೀರೆ ಮೊಮ್ಮಗಳ ಕೌದಿಯಾಗುತ್ತದೆ. ಆದರೆ ಹಾಗೆ ಆದ ಯಾವ ವಸ್ತುವಿನ ಎದುರಿಗೂ ಅದರ ಹಿಂದಿನದನ್ನು ತಪ್ಪು ಹೇಳುವಂತಿಲ್ಲ. ಹೇಳಿದರೆ ಅದು ಅಲ್ಲೇ ಬಿಚ್ಚಿಕೊಂಡು, ಮೊದಲು ಏನಾಗಿತ್ತೋ ಅದೇ ಆಗಿ ಕೂರುತ್ತದೆ. ಸಣ್ಣ ಸುಳ್ಳಿಗೆ ಒಂದು ಹೊಲಿಗೆ, ದೊಡ್ಡ ಸುಳ್ಳಿಗೆ ಇಡೀ ವಸ್ತು. ಪಕ್ಕದ ಓಣಿಯ ಸುಭದ್ರವ್ವ ತನ್ನ ಕೈಚೀಲ ತೋರಿಸಿ, ಇದು ಪರದೆಯಾಗಿತ್ತು, ಒಂದು ದಿನವೂ ಕಿಟಕಿಗೆ ಹಾಕಿದ್ದಿಲ್ಲ ಎಂದಳು. ಪರದೆ ಎಂಬುದು ನಿಜ, ಆದರೆ ಕಿಟಕಿಯಲ್ಲಿ ಹನ್ನೊಂದು ವರ್ಷ ತೂಗಿತ್ತು. ಚೀಲದ ಒಂದು ಹಿಡಿಕೆ ಕಿತ್ತು ಬಂತು, ಬದನೆಕಾಯಿ ಬೀದಿಗೆ ಉರುಳಿದವು.

ಬೇಕೆಂದೇ ಹೇಳಿದರೆ ಮಾತ್ರ ಹೀಗೆ ಎಂದುಕೊಳ್ಳಬೇಡಿ. ಗೊತ್ತಿಲ್ಲದೆ ತಪ್ಪಿದರೂ ಅಷ್ಟೇ. ದುಂಡಪ್ಪ ಮಾಸ್ತರರು ತಮ್ಮ ಮನೆಯ ತೂಗುಮಣೆ ಮುತ್ತಜ್ಜ ಹೊಳೆ ದಾಟಿ ಬಂದ ದೋಣಿಯ ಹಲಗೆಯದು ಎಂದೇ ನಂಬಿದ್ದರು. ಪಾಪ, ಅವರ ಅಪ್ಪ ಹಾಗೆ ಹೇಳಿದ್ದ, ಅದೂ ಮಣೆಯಿಂದ ದೂರ ಹೊಲದಲ್ಲಿ ನಿಂತು. ಮಾಸ್ತರರು ಮಣೆಯ ಮೇಲೆಯೇ ಕೂತು ಮೊಮ್ಮಕ್ಕಳಿಗೆ ಆ ಕಥೆ ಹೇಳಿದರು. ಮಣೆ ಎಮ್ಮೆಯ ಗೋದಲಿಯಾಗಿ ಬಿತ್ತು. ಸೊಂಟದ ಎಲುಬು ಮುರಿದು ಮೂರು ತಿಂಗಳು ಮಲಗಿದರು, ವಂಶದ ದೋಣಿಯೂ ಮುಳುಗಿತು.

ಹೀಗಾಗಿ ನಮ್ಮಲ್ಲಿ ಕೆಲವು ಮರ್ಯಾದೆಗಳಿವೆ. ಒಬ್ಬರ ಮನೆಗೆ ಹೋದಾಗ ಇದು ಮೊದಲೇನಿತ್ತು ಎಂದು ಕೇಳಬಾರದು. ಕೇಳಿದರೆ ‘ನಾ ಕಾಣೆ’ ಎಂದರೆ ಸಾಕು, ಆ ಮಾತಿಗೆ ಏನೂ ಬಿಚ್ಚುವುದಿಲ್ಲ. ಯಾರದಾದರೂ ವಸ್ತು ಬಿಚ್ಚಿಕೊಂಡರೆ ಉಳಿದವರೆಲ್ಲ ತಲೆಯೆತ್ತಿ ಮೇಲೆ ನೋಡಬೇಕು, ಬಿದ್ದವರು ಎದ್ದು ಬಟ್ಟೆ ಸರಿಮಾಡಿಕೊಳ್ಳುವ ತನಕ ಕೆಳಗೆ ನೋಡಕೂಡದು. ಮತ್ತೆ, ಮಾಡಿದವರು ವಸ್ತುವನ್ನು ಕೈಗೆ ಕೊಡುವಾಗ ಒಂದೇ ಒಂದು ಸಲ ಅದರ ಹಿಂದಿನದನ್ನು ಗಟ್ಟಿಯಾಗಿ ಹೇಳಲೇಬೇಕು. ಮದುವೆಯ ಚಪ್ಪರದಲ್ಲಿ ನಿಂತು, ಈ ಅಕ್ಕಿ ಡಬ್ಬಿ ಮೊದಲು ಡಾಂಬರಿನ ಡ್ರಮ್ಮಿತ್ತು ಎಂದು ನಾನು ಕೂಗಿದಾಗ ಬೀಗರ ಮುಖ ನೋಡಬೇಕು. ಆ ಮುಖಗಳನ್ನು ನೋಡುವುದಕ್ಕಾಗಿಯೇ ನಾನು ಮದುವೆಗಳಿಗೆ ಹೋಗುತ್ತೇನೆ.

ನಾನು ಕಾಳವ್ವ. ಬಸ್ ನಿಲ್ದಾಣದ ಎದುರಿನ ತಗಡಿನ ಅಂಗಡಿ ನನ್ನದು, ಅದಕ್ಕೂ ಮೊದಲು ನಮ್ಮಪ್ಪ ಈರಾಚಾರಿಯದು. ಜರಡಿ, ಲಾಳಿಕೆ, ಚಿಮಣಿ, ಹಂಡೆಯ ಮುಚ್ಚಳ, ಕಾಳಿನ ಡಬ್ಬಿ, ಏನು ಬೇಕೋ ಕೇಳಿ. ಕೆಲಸಕ್ಕೆ ಬರುವುದನ್ನು ಮಾತ್ರ ಕೇಳಿ.

ಕೆಲಸಕ್ಕೆ ಬಾರದ್ದು ಬೇಕಾದರೆ ನನ್ನ ಒಡಹುಟ್ಟಿದವನೊಬ್ಬನಿದ್ದಾನೆ, ಮೌನೇಶ, ನನಗಿಂತ ಆರು ವರ್ಷ ದೊಡ್ಡವನು. ಅವನನ್ನು ಅಣ್ಣ ಎಂದು ಕರೆಯುವುದನ್ನು ನಾನು ಹದಿಮೂರನೇ ವಯಸ್ಸಿನಲ್ಲೇ ಬಿಟ್ಟೆ. ಮಾತಿನಲ್ಲಿ ಬಂದರೆ ‘ನವಿಲಿನವನು’ ಎನ್ನುತ್ತಿದ್ದೆ. ಅಪ್ಪನಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋದ ವರ್ಷ, ಮನೆಯ ಹಿರಿಮಗನಾದವನು ಸುತ್ತಿಗೆ ಹಿಡಿದು ಅಂಗಡಿಯಲ್ಲಿ ಕೂರಬೇಕಾದ ವರ್ಷ, ಇವನು ಹಿತ್ತಲಲ್ಲಿ ಎಂಟು ತಿಂಗಳು ಕೂತು ಒಂದು ನವಿಲು ಮಾಡಿದ. ಎಣ್ಣೆ ಡಬ್ಬಿಯ ನವಿಲು, ಆಳೆತ್ತರದ್ದು. ಅಪ್ಪನ ಟ್ರಂಕಿಗೆ ಬಳಿದು ಉಳಿದಿದ್ದ ಹಸಿರು ಬಣ್ಣವನ್ನೆಲ್ಲ ಅದಕ್ಕೇ ಬಳಿದ. ನವಿಲಿನಲ್ಲಿ ನೀರು ಕಾಯುವುದಿಲ್ಲ, ಜೋಳ ತುಂಬಲಾಗುವುದಿಲ್ಲ, ಅದು ಮಳೆಗೆ ಕುಣಿಯುವುದೂ ಇಲ್ಲ. ಜನ ಡಬ್ಬಿ ರಿಪೇರಿಗೆ ಬಂದವರು ಹಿತ್ತಲಿಗೆ ಹೋಗಿ ನವಿಲು ನೋಡಿ, ಡಬ್ಬಿಯನ್ನು ಹಾಗೇ ತಿರುಗಿ ಒಯ್ಯುತ್ತಿದ್ದರು.

ಒಂದು ದಿನ ಮುಂಜಾನೆ ಅಪ್ಪ ನನ್ನನ್ನು ತಮ್ಮ ಕೈಗೆ ತಿಕ್ಕುವ ಎಣ್ಣೆ ತರಲು ಊರಾಚೆಯ ಸೋದರತ್ತೆಯ ಮನೆಗೆ ಕಳಿಸಿದರು. ತಿರುಗಿ ಬರುವಾಗ ಹತ್ತರ ಬಸ್ಸು ಹೊರಡುವುದರಲ್ಲಿತ್ತು. ಅದರ ಮೇಲೆ ಕಂಬಳಿಯಲ್ಲಿ ಸುತ್ತಿದ ದೊಡ್ಡದೊಂದು ಗಂಟನ್ನು ಮೌನೇಶ ಕಟ್ಟಿಸುವುದನ್ನು ದೂರದಿಂದ ಕಂಡೆ. ಮನೆಗೆ ಬಂದರೆ ಹಿತ್ತಲಲ್ಲಿ ನವಿಲಿಲ್ಲ. ಕೈಬಿದ್ದ ಅಪ್ಪನನ್ನೂ ನನ್ನನ್ನೂ ಬಿಟ್ಟು, ನವಿಲನ್ನು ಮಾತ್ರ ಕಟ್ಟಿಕೊಂಡು ಪಟ್ಟಣಕ್ಕೆ ಹೋದ ಎಂದು ಅರಿಯಲು ನನಗೆ ಯಾರ ಸಹಾಯವೂ ಬೇಕಾಗಲಿಲ್ಲ.

ಅದೇ ದಿನ ಅಪ್ಪ ನನ್ನನ್ನು ಹತ್ತಿರ ಕರೆದು ಸುತ್ತಿಗೆ, ಕತ್ತರಿ ತುಂಬಿದ ಒಂದು ತಗಡಿನ ಹತ್ಯಾರದ ಪೆಟ್ಟಿಗೆಯನ್ನು ಎಡಗೈಯಿಂದ ನನ್ನ ಮುಂದೆ ಸರಿಸಿದರು. “ಇನ್ನ ಮ್ಯಾಲೆ ಅಂಗಡಿ ನಿಂದು, ಕಾಳಿ. ಈ ಪೆಟ್ಟಿಗಿ ಹಿಂದಿಂದು ಏನಂತ ಕೇಳಬ್ಯಾಡ. ಯಾರ ಮುಂದೂ ಹೇಳಲಿಕ್ಕೂ ಹೋಗಬ್ಯಾಡ” ಅಂದರು. ಹಿಂದಿನದನ್ನು ಹೇಳದೆ ವಸ್ತು ಕೊಟ್ಟಿದ್ದು ಅಪ್ಪನ ಜೀವಮಾನದಲ್ಲಿ ಅದೊಂದೇ ಸಲ.

ಕೇಳುವ ಅಗತ್ಯವೂ ನನಗಿರಲಿಲ್ಲ. ಪೆಟ್ಟಿಗೆಯ ಒಳಗೆಲ್ಲ ಅಪ್ಪನ ಟ್ರಂಕಿನ ಹಸಿರು. ಮೂಲೆಯಲ್ಲಿರುತ್ತಿದ್ದ ಟ್ರಂಕು ಆ ದಿನದಿಂದ ಕಾಣಲಿಲ್ಲ. ಇನ್ನು ಸುತ್ತಿಗೆಯ ಏಟುಗಳು: ಒಂದೂ ನೇರವಿಲ್ಲ, ಎಲ್ಲ ಆಚೀಚೆ ಜಾರಿದ ಏಟು. ನಾನು ತಗಡಿನವಳು, ಏಟು ನೋಡಿದರೆ ಹೊಡೆದ ಕೈ ಗೊತ್ತಾಗುತ್ತದೆ. ಅಪ್ಪ ತಮ್ಮ ಅಪ್ಪನಿಂದ ಬಂದ ಟ್ರಂಕನ್ನು ಒಡೆದು, ರೂಢಿಯಿಲ್ಲದ ಎಡಗೈಯಲ್ಲಿ ನನಗೆ ಪೆಟ್ಟಿಗೆ ಮಾಡಿಕೊಟ್ಟಿದ್ದಾರೆ. ಮಗನಿಗಲ್ಲ, ನನಗೆ. ಇಪ್ಪತ್ತೆಂಟು ವರ್ಷ ನಾನು ಈ ಒಂದು ಮಾತನ್ನು ತಿಂದೇ ಬದುಕಿದ್ದೇನೆ. ಕೈ ಸುಟ್ಟಾಗ, ಬೆನ್ನು ಹಿಡಿದಾಗ, ನೋಡಲು ಬಂದ ಗಂಡುಗಳು ನನ್ನ ಅಂಗೈಯ ಗಾಯ ನೋಡಿ ಚಹಾ ಕುಡಿದು ಎದ್ದುಹೋದಾಗ, ಸಂಜೆ ಪೆಟ್ಟಿಗೆಯ ಮುಚ್ಚಳ ತೆರೆದು ಒಳಗಿನ ಹಸಿರನ್ನು ನೋಡುತ್ತಿದ್ದೆ. ಹೇಳಬೇಡ ಎಂದಿದ್ದರು, ಹೇಳಲಿಲ್ಲ.

ನವಿಲಿನವನು ಅಪ್ಪ ತೀರಿದಾಗ ಒಮ್ಮೆ ಬಂದ. ನಾನು ಮಾತಾಡಿಸಲಿಲ್ಲ. ಆಮೇಲೆ ವರ್ಷಕ್ಕೊಂದು ಕಾಗದ ಬರುತ್ತಿತ್ತು. ಒಡೆಯದೆಯೇ ಬೆಸುಗೆಯ ಒಲೆ ಹೊತ್ತಿಸಲು ಬಳಸುತ್ತಿದ್ದೆ. ಅವನ ಯಾವುದಾದರೂ ಕಲೆ ನನ್ನ ಕೆಲಸಕ್ಕೆ ಬಂದಿದ್ದರೆ ಅದೊಂದೇ.

ಹೀಗಿರುವಾಗ ಹಿಟ್ಟಿನ ಗಿರಣಿಯ ಸಂಗನಬಸಪ್ಪ ಸಾವಕಾರರಿಗೆ ಕಲೆಯ ಹುಚ್ಚು ಹಿಡಿಯಿತು. ಪಟ್ಟಣದಲ್ಲಿ ಯಾರೋ ಅವರಿಗೆ ಹೇಳಿದರಂತೆ, ಹಳೆಯದರಿಂದ ಹೊಸದು ಮಾಡುವುದು ಈಗ ದೊಡ್ಡ ಕಲೆ, ನಿಮ್ಮ ಊರೆಂದರೆ ಕಲೆಯ ತವರು ಎಂದು. ಟಯರಿನ ಚಪ್ಪಲಿ ಹಾಕಿಕೊಂಡವರನ್ನು ಜಗುಲಿಯ ಮೇಲೆ ಹತ್ತಿಸದ ಮನುಷ್ಯ ರಾತ್ರಿ ಬೆಳಗಾಗುವುದರಲ್ಲಿ ಕಲಾಮಂಡಳಿ ಕಟ್ಟಿ ತಾನೇ ಅಧ್ಯಕ್ಷನಾದ. ಹತ್ತಿ ಗೋದಾಮಿಗೆ ಸುಣ್ಣ ಬಳಿಸಿ ‘ಪುನರ್ಜನ್ಮ ಕಲಾಪ್ರದರ್ಶನ’ ಎಂದು ಬೋರ್ಡು ಹಾಕಿಸಿದ. ನನ್ನದೇ ಒಂದು ಜರಡಿಯನ್ನು ಒಯ್ದು ಮಖಮಲ್ಲಿನ ಮೇಲೆ ಇಟ್ಟು, ‘ಮುಟ್ಟಬಾರದು’ ಎಂದು ಚೀಟಿ ಅಂಟಿಸಿದರು. ಮುಟ್ಟದೆ ಹಿಟ್ಟು ಜರಡಿ ಹಿಡಿಯುವುದು ಹೇಗೆ ಎಂದು ಕೇಳಿದ್ದಕ್ಕೆ, ನಿನಗೆ ತಿಳಿಯುವುದಿಲ್ಲ ಎಂದರು. ಮೂವತ್ತು ವರ್ಷದ ಹತ್ತಿರ ಜರಡಿ ಮಾಡಿದವಳಿಗೆ ಜರಡಿ ತಿಳಿಯುವುದಿಲ್ಲವಂತೆ.

ಪ್ರದರ್ಶನದ ಮುಖ್ಯ ಅತಿಥಿ ಯಾರು? ನವಿಲಿನವನು. ಪಟ್ಟಣದಲ್ಲಿ ಅವನ ನವಿಲು, ಕುದುರೆ, ಮೀನುಗಳು ದೊಡ್ಡ ದೊಡ್ಡ ಹೋಟೆಲುಗಳ ಬಾಗಿಲಲ್ಲಿ ನಿಂತಿವೆಯಂತೆ. ಒಂದು ಲಾರಿ ತುಂಬ ಸಾಮಾನು ಹೇರಿಕೊಂಡು ಬಂದು ಗೋದಾಮಿನಲ್ಲೇ ಇಳಿದುಕೊಂಡ.

ಸಾವಕಾರರು ನನ್ನ ಅಂಗಡಿಗೆ ಬಂದು, ಈರಾಚಾರಿಯ ನೆನಪಿಗೆ ನಿನ್ನ ಹತ್ಯಾರದ ಪೆಟ್ಟಿಗೆಯನ್ನು ಪ್ರದರ್ಶನಕ್ಕಿಡಬೇಕು, ಅದರ ಹಿಂದಿನದನ್ನು ಮೌನೇಶ ಹೇಳಿದರೆ ಶೋಭೆ ಎಂದರು. ನಾನು ಒಪ್ಪಿದೆ, ಆದರೆ ಹೇಳುವವಳು ನಾನು ಎಂದೆ. ನನ್ನ ತಲೆಯಲ್ಲಿ ಲೆಕ್ಕ ಆಗಲೇ ಮುಗಿದಿತ್ತು. ಇಡೀ ಊರಿನ ಎದುರು, ಅವನ ಎದುರು, ಅಪ್ಪ ಒಡೆದದ್ದು ತನ್ನ ಟ್ರಂಕನ್ನು, ಕೊಟ್ಟಿದ್ದು ಮಗಳಿಗೆ ಎಂದು ಒಂದು ಸಲ ಕೂಗಿ ಹೇಳಬೇಕು. ಪೆಟ್ಟಿಗೆ ಅಲುಗದೆ ನಿಲ್ಲುತ್ತದೆ. ಅದಕ್ಕಿಂತ ದೊಡ್ಡ ಸಾಕ್ಷಿ ನಮ್ಮ ಊರಿನಲ್ಲಿ ಇಲ್ಲ. ಅಪ್ಪ ಹೇಳಬೇಡ ಎಂದದ್ದು ಮಗನಿಗೆ ನಾಚಿಕೆಯಾಗದಿರಲಿ ಎಂದು. ಅವನಿಗೆ ಇಷ್ಟು ವರ್ಷ ನಾಚಿಕೆಯಾಗದೆ ಉಳಿದದ್ದು ಸಾಕು.

ಪಕ್ಕದಲ್ಲಿ ಟಯರಿನ ಬಕೇಟು, ಚಪ್ಪಲಿ ಮಾಡುವ ಖಾದರಸಾಬ ಇದನ್ನೆಲ್ಲ ಕೇಳುತ್ತ ಕೂತಿದ್ದ. ಅವನು ಅಪ್ಪನ ಗೆಳೆಯ, ಎಂಬತ್ತು ದಾಟಿದವನು. ಸಾವಕಾರರು ಹೋದ ಮೇಲೆ ಕೋಲೂರಿಕೊಂಡು ಎದ್ದು ಬಂದ.

“ಮಗಳ, ಅಲ್ಲಿ ಹೋಗಿ ಏನೂ ಹೇಳಬ್ಯಾಡ. ‘ನಾ ಕಾಣೆ’ ಅಂತ ಅಂದುಬಿಡು” ಅಂದ.

“ಯಾಕ ಚಾಚಾ? ನಾ ಕಂಡದ್ದನ್ನ ಕಾಣೆ ಅನ್ನಲೇನು?”

“ನೀ ಕಂಡಿದ್ದು ಎಷ್ಟು ಅಂತ ನಿನಗೇನು ಗೊತ್ತು?”

ಮುದುಕರಿಗೆ ವಯಸ್ಸಾದಂತೆ ಎಲ್ಲರೂ ಚೆನ್ನಾಗಿರಲಿ ಎಂಬ ರೋಗ ಅಂಟಿಕೊಳ್ಳುತ್ತದೆ. ಅಣ್ಣ ತಂಗಿ ಒಂದಾಗಲಿ ಎಂದು ಹೀಗೆ ಹೇಳುತ್ತಾನೆ ಎಂದುಕೊಂಡು, ನಿನ್ನ ಟಯರು ನೋಡಿಕೋ ಹೋಗು ಎಂದು ಕಳಿಸಿದೆ. ಅವನು ಕೋಲೂರಿಕೊಂಡು ತಿರುಗಿ ಹೋದ.

ಪ್ರದರ್ಶನದ ದಿನ ಬೆಳಿಗ್ಗೆ ಗೋದಾಮಿನಲ್ಲಿ ಊರೆಲ್ಲ ಸೇರಿತ್ತು. ಪಟ್ಟಣದಿಂದ ಇಪ್ಪತ್ತು ಮೂವತ್ತು ಕಲಾಪ್ರೇಮಿಗಳೂ ಬಂದಿದ್ದರು. ಒಬ್ಬ ಗಡ್ಡದವನು ಸೈಕಲ್ಲಿನ ಚೈನುಗಳಿಂದ ಮಾಡಿದ ಒಂದು ಮೀನಿನ ಎದುರು ಕಣ್ಣು ಮುಚ್ಚಿ ನಿಂತು, ಇದು ನಗರದ ಒಂಟಿತನ ಎಂದ. ಹಣೆಯ ಮೇಲೆ ದೊಡ್ಡ ಕುಂಕುಮವಿಟ್ಟ ಹೆಂಗಸು, ಇಲ್ಲ, ಇದು ಮಣ್ಣಿನ ಆಕ್ರಂದನ ಎಂದಳು. ಮೀನಿನಿಂದ ಒಂದು ಕೊಂಡಿಯೂ ಬೀಳಲಿಲ್ಲ. ನಮ್ಮ ಊರಿನ ಕಟ್ಟಳೆ ವಸ್ತು ಹಿಂದೆ ಏನಾಗಿತ್ತು ಎಂಬುದಕ್ಕೆ ಮಾತ್ರ ಸಲ್ಲುತ್ತದೆ, ಈಗ ಅದರ ಮೇಲೆ ಏನನ್ನು ಹೇರುತ್ತಾರೆ ಎಂಬುದಕ್ಕೆ ಸಲ್ಲುವುದಿಲ್ಲ. ಸಲ್ಲುವಂತಿದ್ದರೆ ಆ ಗೋದಾಮು ಅರ್ಧ ಗಂಟೆಯಲ್ಲಿ ಗುಜರಿಯಾಗುತ್ತಿತ್ತು.

ಇನ್ನು ನವಿಲಿನವನು. ಕೂದಲು ಬೆಳ್ಳಗಾಗಿತ್ತು, ಬೆನ್ನು ಬಾಗಿತ್ತು. ದೊಡ್ಡ ಮಾತಾಡುತ್ತಾನೆ, ಎರಡಾದರೂ ಕುದುರೆ ಬಿಚ್ಚಿಕೊಂಡು ಬೀಳುತ್ತವೆ ಎಂದು ಕಾದಿದ್ದೆ. ಯಾರಾದರೂ ಕೇಳಿದರೆ, “ಬಸ್ಸಿನ ಸೀಟಿನ ಸ್ಪ್ರಿಂಗ್ ರೀ,” “ದವಾಖಾನಿ ಮಂಚದ ಕಾಲು ರೀ,” “ಕಸದ ಗಾಡಿ ರೀ” ಎಂದು ಅಷ್ಟಕ್ಕೇ ಸುಮ್ಮನಾಗುತ್ತಿದ್ದ. ಕಲಾಪ್ರೇಮಿಗಳ ಮುಖ ಸಪ್ಪೆಯಾಗುತ್ತಿತ್ತು. ನನಗೂ ಸಪ್ಪೆಯೇ ಆಯಿತು ಎನ್ನಿ. ಅವನು ಒಂದು ಮೂಲೆಯಲ್ಲಿ ಯಾವುದೋ ಪೆಟ್ಟಿಗೆಯ ಮೇಲೆ ಬಟ್ಟೆ ಹಾಸಿ, ಬಂದವರಿಗೆ ಅದರ ಮೇಲಿಂದ ಚಹಾದ ಕಪ್ಪು ಎತ್ತಿ ಕೊಡುತ್ತಿದ್ದ. ನಾನು ಚಹಾ ಮುಟ್ಟಲಿಲ್ಲ.

ಸಾವಕಾರರು ವೇದಿಕೆಯ ಮೇಲೆ ತಮ್ಮ ದೊಡ್ಡ ಕುರ್ಚಿ ಹಾಕಿಸಿಕೊಂಡಿದ್ದರು. ಆ ಕುರ್ಚಿ ಅವರ ಗಿರಣಿಯ ಪಾಯಖಾನೆಯ ಬಾಗಿಲಿನಿಂದ ಆದದ್ದು ಎಂದು ಊರಿನ ನಾಯಿಗೂ ಗೊತ್ತು. ಸ್ವಾಗತ ಭಾಷಣ ಶುರುವಾಗಿ ಹತ್ತು ನಿಮಿಷ ಚೆನ್ನಾಗಿಯೇ ನಡೆಯಿತು. ಆಮೇಲೆ ಕುಂಕುಮದ ಹೆಂಗಸು ಮುಗುಳ್ನಕ್ಕು, ನಿಮ್ಮ ಕುರ್ಚಿ ತುಂಬ ಚೆನ್ನಾಗಿದೆ, ಇದು ಮೊದಲು ಏನಾಗಿತ್ತು ಎಂದು ಕೇಳಿಬಿಟ್ಟಳು. ಹೊರಗಿನವಳು, ಮರ್ಯಾದೆ ಗೊತ್ತಿಲ್ಲ. ‘ನಾ ಕಾಣೆ’ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಎದುರಿಗೆ ಫೋಟೋ ತೆಗೆಯುತ್ತಿದ್ದರು. ಸಾವಕಾರರು ಗಂಟಲು ಸರಿಮಾಡಿಕೊಂಡು, ಹಳೆಯ ವಾಡೆಯ ಹೆಬ್ಬಾಗಿಲು ಎಂದರು.

ನಾವೆಲ್ಲ ಆಗಲೇ ಮೇಲೆ ನೋಡುತ್ತಿದ್ದೆವು. ಧಡಾರ್ ಎಂಬ ಸದ್ದಿನ ಮೇಲೆ ಒಂದಿಷ್ಟು ಹೊತ್ತು ಗೋದಾಮಿನ ತೊಲೆಗಳನ್ನು ಎಣಿಸಿದೆವು. ನಾನು ಮಾತ್ರ ಸ್ವಲ್ಪ ಬೇಗ ಕಣ್ಣು ಇಳಿಸಿದೆ. ಸಾವಕಾರರು ಒಂದು ಬಾಗಿಲಿನ ಮೇಲೆ ಕೂತಿದ್ದರು, ಬಾಗಿಲ ಮೇಲೆ ‘ಗಂಡಸರಿಗೆ’ ಎಂದು ಬರೆದಿತ್ತು. ಗಡ್ಡದವನು ಅದರ ಫೋಟೋ ತೆಗೆದುಕೊಂಡ.

ಆಮೇಲೆ ನನ್ನನ್ನು ಕರೆದರು. ಮೇಜಿನ ಮೇಲೆ ನನ್ನ ಪೆಟ್ಟಿಗೆಯನ್ನು ಹತ್ಯಾರಗಳ ಸಮೇತ ಇಟ್ಟಿದ್ದರು. ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಅದರ ಮುಂದೆ ನಿಂತೆ. ಆಗ ಮೂಲೆಯಿಂದ ಮೌನೇಶ ಜನರನ್ನು ಸರಿಸಿಕೊಂಡು ಬಂದು ಪೆಟ್ಟಿಗೆಯ ಮುಚ್ಚಳದ ಮೇಲೆ ಕೈಯಿಟ್ಟ. ಇಪ್ಪತ್ತೆಂಟು ವರ್ಷಗಳ ಮೇಲೆ ಮೊದಲ ಸಲ ನನ್ನ ಹತ್ತಿರ ಬಂದಿದ್ದ.

“ಕಾಳಿ, ಬ್ಯಾಡ. ‘ನಾ ಕಾಣೆ’ ಅನ್ನು. ನಿನ್ನ ಕಾಲಿಗೆ ಬೀಳತೀನಿ.”

“ಯಾಕ? ಹೆದರಿಕಿ ಬಂತೇನು?”

“ಹೌದು, ಬಂತು.”

ಅದನ್ನು ಕೇಳಿ ನನಗಾದ ಸಂತೋಷವನ್ನು ಏನು ಹೇಳಲಿ! ಅವನ ಕೈಯನ್ನು ಮುಚ್ಚಳದಿಂದ ಎತ್ತಿ ಆಚೆ ಹಾಕಿದೆ. ಊರಿನವರು ಕೇಳಲಿ ಎಂದು ಗಟ್ಟಿಯಾಗಿಯೇ ಹೇಳಿದೆ: ನನ್ನ ಅಪ್ಪನ ಕೈ ಬಿದ್ದಾಗ ಒಬ್ಬ ನವಿಲು ಹೊತ್ತು ಓಡಿಹೋದ, ಬಸ್ಸಿನ ಮೇಲೆ ಕಟ್ಟಿಸಿದ್ದನ್ನು ನನ್ನ ಕಣ್ಣಿನಿಂದ ಕಂಡಿದ್ದೇನೆ. ಅವನ ಕೈಯಿಂದ ಹುಟ್ಟಿದ ಒಂದು ವಸ್ತುವಾದರೂ ಯಾರದಾದರೂ ಹೊಟ್ಟೆ ತುಂಬಿಸಿದೆಯೇ, ಯಾರದಾದರೂ ಮನೆ ನಡೆಸಿದೆಯೇ ಕೇಳಿ. ನನ್ನ ಮನೆ ನಡೆಸಿದ್ದು ಈ ಪೆಟ್ಟಿಗೆ. ಆಮೇಲೆ ಪೆಟ್ಟಿಗೆಯ ಮೇಲೆ ನನ್ನ ಎರಡೂ ಕೈಯಿಟ್ಟು ಅಂದೆ:

“ಇದು ಮೊದಲು ನಮ್ಮಪ್ಪನ ಟ್ರಂಕ್ ಇತ್ತು. ನಮ್ಮಪ್ಪ ತನ್ನ ಎಡಗೈಲೆ ಮಾಡಿ ನನಗ ಕೊಟ್ಟ.”

ಮೊದಲು ನನ್ನ ಬೆರಳುಗಳ ಕೆಳಗೆ ಮುಚ್ಚಳ ಅದುರಿತು. ರಿವೆಟ್ಟುಗಳು ಒಂದರ ಹಿಂದೊಂದು ಹಾರಿದವು. ಕತ್ತರಿ, ಇಕ್ಕಳ, ಸುತ್ತಿಗೆ ನನ್ನ ಕಾಲ ಮೇಲೆ ಬಿದ್ದವು. ತಗಡು ತಾನಾಗಿ ಸುರುಳಿ ಬಿಚ್ಚಿ, ಬಾಗಿ, ಮೇಲೆದ್ದಿತು. ಬದಿಗಳು ಸೀಳಿ ಗರಿಗಳಾದವು, ತಳ ಎದ್ದು ಎದೆಯಾಯಿತು, ಮುಚ್ಚಳ ಕತ್ತಾಗಿ ನೀಳವಾಯಿತು. ನನ್ನ ಎದುರು ಮೇಜಿನ ಮೇಲೆ ಹಸಿರು ನವಿಲು ನಿಂತಿತ್ತು, ನಮ್ಮ ಹಿತ್ತಲಿನದು.

ನಮ್ಮ ಊರಿನವರು ಒಬ್ಬರೂ ಕೆಳಗೆ ನೋಡಲಿಲ್ಲ. ಎಲ್ಲರೂ ತೊಲೆ ನೋಡುತ್ತಿದ್ದರು. ಪಟ್ಟಣದ ಕಲಾಪ್ರೇಮಿಗಳು ಎದ್ದು ನಿಂತು ಚಪ್ಪಾಳೆ ತಟ್ಟಿದರು.

ನನಗೆ ಆ ಚಪ್ಪಾಳೆ ಕೇಳಿಸಿತು, ಅರ್ಥವಾಗಲಿಲ್ಲ. ಖಾದರಸಾಬ ಬಂದು ನನ್ನ ಪಕ್ಕದಲ್ಲಿ ನಿಂತಿದ್ದ.

“ನಿಮ್ಮಪ್ಪಗ ನೀರಿನ ವಾಟಗಾ ಹಿಡಿಯೂ ಶಕ್ತಿ ಇರಲಿಲ್ಲ, ಎಡಗೈಲೆ ಸುತ್ತಿಗಿ ಎಲ್ಲಿ ಹಿಡಿತಿದ್ದ? ಅಂಗಡ್ಯಾಗ ಒಂದು ಚೂರು ತಗಡು ಇರಲಿಲ್ಲ. ಇಂವ ಮುಂಜಾನೆ ಎದ್ದು ನವಿಲು ಬಡದು ಈ ಪೆಟ್ಟಿಗಿ ಮಾಡಿದ. ಹತ್ತರ ಬಸ್ಸಿಗಿ ಹೋಗೂದಿತ್ತು. ತಗಡು ಹಿಡಕೊಂಡಾಂವ ನಾನ.”

ಅಂದರೆ ಜಾರಿದ ಏಟುಗಳು ಬಲವಿಲ್ಲದ ಕೈಯವಲ್ಲ, ಆತುರದ ಕೈಯವು. ಏಟು ನೋಡಿ ಕೈ ಹೇಳುವವಳು ನಾನು! ಮೂಲೆಯತ್ತ ನೋಡಿದೆ. ಜನ ನವಿಲಿನ ಸುತ್ತ ಸೇರಿದ್ದರಿಂದ ಆ ಕಡೆ ಖಾಲಿಯಾಗಿತ್ತು. ಚಹಾದ ಕಪ್ಪುಗಳ ಕೆಳಗಿನ ಬಟ್ಟೆ ಒಂದು ಕಡೆ ಜಾರಿ, ಹಸಿರು ಬಣ್ಣದ ಟ್ರಂಕಿನ ಮೂಲೆ ಕಾಣುತ್ತಿತ್ತು. ಅದರ ಬೀಗದ ಪಟ್ಟಿಯ ಮೇಲೆ ಅಜ್ಜ ಉಳಿಯಿಂದ ಕೊರೆದ ಸೂರ್ಯನಿದ್ದ. ಕಂಬಳಿಯಲ್ಲಿ ಸುತ್ತಿ ಬಸ್ಸಿನ ಮೇಲೆ ಹೋದದ್ದು ಅದು. ಅಪ್ಪ ಟ್ರಂಕು ಕೊಟ್ಟಿದ್ದು ಮಗನಿಗೆ, ಬಟ್ಟೆಬರೆ ಹಾಕಿಕೊಂಡು ಹೋಗಲಿ ಎಂದು.

ನನಗೆ ಅಳು ಬಂತು ಎಂದು ತಿಳಿಯಬೇಡಿ. ನನಗೆ ಸಿಟ್ಟು ಬಂತು. ಇಪ್ಪತ್ತೆಂಟು ವರ್ಷ ನಾನು ದಿನಕ್ಕೆ ಹತ್ತು ಸಲ ಮುಟ್ಟಿದ್ದು ಇವನ ನವಿಲನ್ನು.

“ಮತ್ತ ಯಾಕ ಹೇಳಲಿಲ್ಲ?” ಎಂದು ಕೇಳಿದೆ.

“ನವಿಲಿಂದು ಅಂತ ಗೊತ್ತಾಗಿದ್ದರ ನೀ ಅದನ್ನ ಮುಟ್ಟತಿದ್ದೇನು?” ಎಂದ ಮೌನೇಶ.

ಮುಟ್ಟುತ್ತಿರಲಿಲ್ಲ. ಬಾವಿಗೆ ಎಸೆಯುತ್ತಿದ್ದೆ. ಹದಿಮೂರು ವರ್ಷದ ಹುಡುಗಿ ಅಪ್ಪನ ಹತ್ಯಾರಗಳನ್ನು ಗೋಣಿಚೀಲದಲ್ಲಿ ಹೊತ್ತು ತಿರುಗುತ್ತಿದ್ದಳು, ಅಥವಾ ತಿರುಗುತ್ತಲೇ ಇರಲಿಲ್ಲ. ಅದು ಅವನಿಗೆ ಗೊತ್ತಿತ್ತು, ಅಪ್ಪನಿಗೂ ಗೊತ್ತಿತ್ತು. ಆದರೂ ಇವನು ಹೋದದ್ದು ಹೋದದ್ದೇ. ಒಂದು ಮುಂಜಾನೆಯ ಕೆಲಸಕ್ಕೆ ಇಪ್ಪತ್ತೆಂಟು ವರ್ಷ ಮಾಫಿ ಆಗುವುದಿಲ್ಲ. ಅದನ್ನೂ ಅವನಿಗೆ ಹೇಳಿದೆ. ಹೌದು, ಆಗುವುದಿಲ್ಲ ಎಂದ.

ಅಷ್ಟರಲ್ಲಿ ಸಾವಕಾರರು ಪಂಚೆ ಸರಿಮಾಡಿಕೊಂಡು ಮೈಕು ಹಿಡಿದಿದ್ದರು. ಮೌನೇಶಾಚಾರ್ಯರ ಮೊಟ್ಟಮೊದಲ ಕೃತಿ ಇಂದು ನಮ್ಮ ಕಣ್ಣೆದುರೇ ಪುನರ್ಜನ್ಮ ಪಡೆದಿದೆ, ಇದು ಇನ್ನು ಮುಂದೆ ಮಂಡಳಿಯ ಸ್ವತ್ತು, ಗಾಜಿನ ಪೆಟ್ಟಿಗೆಯಲ್ಲಿ ಇರುತ್ತದೆ ಎಂದು ಸಾರಿದರು. ಮತ್ತೆ ಚಪ್ಪಾಳೆ. ಯಾರೋ ಆಗಲೇ ‘ಮುಟ್ಟಬಾರದು’ ಚೀಟಿಗೆ ಅಂಟು ಹಚ್ಚುತ್ತಿದ್ದರು. ಆಕ್ರಂದನದ ಹೆಂಗಸು ನನ್ನ ಕೈ ಹಿಡಿದು, ಎಂಥ ಅದ್ಭುತ ಪ್ರಯೋಗ, ಎಷ್ಟು ದಿನ ಅಭ್ಯಾಸ ಮಾಡಿದಿರಿ ಎಂದು ಕೇಳಿದಳು.

ನಾನು ಬಗ್ಗಿ ನೆಲದಿಂದ ಸುತ್ತಿಗೆ ಎತ್ತಿಕೊಂಡೆ. ಗಡ್ಡದವನು ಅಡ್ಡ ಬಂದು, ದಯವಿಟ್ಟು ಬೇಡ, ಇದು ಕಲೆ ಎಂದ.

“ಸರೀರಿ ಅತ್ಲಾಗ. ಇದು ನನ್ನ ಪೆಟ್ಟಿಗಿ” ಅಂದೆ. ಸ್ವತ್ತಿನ ವಿಷಯಕ್ಕೆ ಸಾವಕಾರರೂ ಬಾಯಿ ಹಾಕಬಹುದಿತ್ತು. ಸುತ್ತಿಗೆ ನೋಡಿ ಹಾಕಲಿಲ್ಲ.

ಮೊದಲ ಏಟು ಕತ್ತಿಗೆ ಹಾಕಬೇಕೆಂದು ಎತ್ತಿದವಳು, ಎತ್ತಿದ ಕೈಯನ್ನು ಹಾಗೇ ಹಿಡಿದು ನಿಂತೆ. ಹುಡುಗಿಯಾಗಿದ್ದಾಗ ನಾನು ಅದನ್ನು ಸಿಟ್ಟಿನಿಂದಲೇ ನೋಡಿದ್ದೆ, ಕೆಲಸದ ಕಣ್ಣಿನಿಂದ ನೋಡಿರಲಿಲ್ಲ. ಕತ್ತಿನಲ್ಲಿ ಬೆಸುಗೆ ಎಲ್ಲಿ ಸೇರಿದೆ ಎಂದು ಹುಡುಕಿದೆ, ಸಿಗಲಿಲ್ಲ. ಗರಿಗಳ ಅಂಚನ್ನು ಮಡಿಸಿದ ರೀತಿ ನೋಡಿದೆ, ಒಂದು ಕಡೆಯೂ ಕೈಗೆ ತರಚುವುದಿಲ್ಲ. ಹತ್ತೊಂಬತ್ತು ವರ್ಷದವನ ಕೆಲಸ. ನನಗೆ ಈಗಲೂ ಹಾಗೆ ಮಡಿಸಲು ಬರುವುದಿಲ್ಲ. ಇದನ್ನು ಇವನು ಹತ್ತರ ಬಸ್ಸು ಬರುವುದರೊಳಗೆ ಹೇಗೆ ಬಡಿದನೋ, ಏಟು ಜಾರದೆ ಇನ್ನೇನಾಗುತ್ತದೆ ಎಂದುಕೊಂಡೆ. ಹೊಗಳಿಕೆ ಬಾಯಿಗೆ ಬರುವ ಮೊದಲೇ ನುಂಗಿದೆ.

“ನೋಡಕೋತ ಏನ್ ನಿಂತಿ? ಬಂದು ಹಿಡಿ” ಅಂದೆ ಅವನಿಗೆ.

ಅವನು ಬಂದು ಕತ್ತು ಹಿಡಿದ. ನಾನು ಹೊಡೆದೆ. ಆಮೇಲೆ ಅವನು ಹೊಡೆದ, ನಾನು ಹಿಡಿದೆ. ಮೊದಲ ಹತ್ತು ಏಟಿಗೆ ಕಲಾಪ್ರೇಮಿಗಳು ಅಯ್ಯೋ ಅಯ್ಯೋ ಎನ್ನುತ್ತಿದ್ದರು. ಆಮೇಲೆ ಊಟಕ್ಕೆ ಕರೆದರು, ಹೋದರು. ಹೋಳಿಗೆಯಂತೆ. ಊರಿನವರೂ ಅವರ ಹಿಂದೆ ಹೋದರು. ಖಾಲಿ ಗೋದಾಮಿನಲ್ಲಿ ನಾವಿಬ್ಬರು ಮತ್ತು ಖಾದರಸಾಬ. ಕೆಲಸ ನಡೆಯುವಾಗ ನಾವು ಕತ್ತರಿ, ರಿವೆಟ್, ಆ ಕಡೆ ಒತ್ತು, ಈ ಕಡೆ ಬಾಗಿಸು ಎಂಬುದರ ಹೊರತು ಏನೂ ಮಾತಾಡಲಿಲ್ಲ. ಅವನಿಗೆ ಇನ್ನೂ ಅಪ್ಪನ ಅಳತೆ ನೆನಪಿತ್ತು, ಗೇಣಿನಿಂದ ಅಳೆದು ಬೆರಳಿನಿಂದ ಗುರುತು ಹಾಕುವುದು. ಈ ಸಲ ಏಟುಗಳು ನೇರವಾಗಿ ಬಿದ್ದವು. ಮಧ್ಯಾಹ್ನ ಇಳಿಯುವ ಹೊತ್ತಿಗೆ ಪೆಟ್ಟಿಗೆ ಮೊದಲಿನಂತೆ ಮೇಜಿನ ಮೇಲೆ ಕೂತಿತ್ತು, ಒಳಗೆಲ್ಲ ಹಸಿರು. ನಾನು ಹತ್ಯಾರಗಳನ್ನು ಒಂದೊಂದಾಗಿ ಒರೆಸಿ ಅದರಲ್ಲಿ ಜೋಡಿಸಿದೆ.

ಹಿಂದಿನದು ಹೇಳುವುದೊಂದು ಉಳಿದಿತ್ತು. ಮಾಡಿದವರು ಹೇಳಬೇಕು, ಆದರೆ ಮಾಡಿದ್ದು ಇಬ್ಬರು. ಅವನು ನನ್ನ ಕಡೆ ನೋಡುತ್ತಿದ್ದ. ಖಾದರಸಾಬ ಕೋಲಿನಿಂದ ನೆಲ ಕುಟ್ಟಿ, ಹೇಳು ಮಗಳ ಎಂದ. ನಾನು ಪೆಟ್ಟಿಗೆಯ ಮೇಲೆ ಕೈಯಿಟ್ಟೆ.

“ಇದು ಮೊದಲು ನವಿಲು ಇತ್ತು” ಅಂದೆ. ಪೆಟ್ಟಿಗೆ ಅಲುಗಲಿಲ್ಲ.

“ನಮ್ಮಣ್ಣ ಮಾಡಿದ್ದು” ಅಂದೆ. ಆ ಶಬ್ದ ನಾಲಿಗೆಗೆ ಮರೆತೇ ಹೋಗಿತ್ತು, ಆದರೂ ಬಂತು. ಪೆಟ್ಟಿಗೆ ಹಾಗೇ ಗಟ್ಟಿಯಾಗಿ ನಿಂತಿತ್ತು. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಅವನ ಕಣ್ಣು ತುಂಬಿಕೊಂಡಿದ್ದವು, ನನಗೆ ಅದನ್ನು ನೋಡುವುದಾಗಲಿಲ್ಲ. ಹಾಗಾಗಿ ಇನ್ನೊಂದು ಮಾತು ಸೇರಿಸಿದೆ.

“ಯಾ ಕೆಲಸಕ್ಕೂ ಬರೂವಂಥಾದ್ದಾಗಿರಲಿಲ್ಲ.”

ಟಿಣ್ ಎಂದು ಮುಚ್ಚಳದ ಒಂದು ರಿವೆಟ್ಟು ಹಾರಿ ಎಲ್ಲೋ ಹೋಗಿ ಬಿತ್ತು.

ಖಾದರಸಾಬ ತಲೆಯೆತ್ತಿ ತೊಲೆ ನೋಡತೊಡಗಿದ. ಅಣ್ಣನೂ ತಲೆಯೆತ್ತಿ ತೊಲೆ ನೋಡತೊಡಗಿದ. ನಾನು ಮಂಡಿಯೂರಿ ಆ ರಿವೆಟ್ಟು ಹುಡುಕುವ ನೆಪದಲ್ಲಿ ಬಹಳ ಹೊತ್ತು ಮೇಜಿನ ಕೆಳಗೇ ಕೂತಿದ್ದೆ.